ಕೆರೆ ತಿಳಿಯಾದ ಮೇಲೆ

ಕೆರೆಯ ನೀರನ್ನು ಗಾಜಿನ ಜಾರಿನಲ್ಲಿ ತುಂಬಿ, ಅಲುಗಾಡಿಸದೆ ಇಟ್ಟರೆ ಅದರಲ್ಲಿರುವ ಕೆಸರು, ಕಸ ಎಲ್ಲ ನಿಧಾನಕ್ಕೆ ತಳ ಸೇರಬೇಕು. ಆ ದಿನ ನಾನು ಇಟ್ಟ ಜಾರಿನಲ್ಲಿ ತಳ ಸ್ವಚ್ಛವಾಗಿತ್ತು. ಹಸಿರೆಲ್ಲ ಮೇಲೆ ಬಂದು ಜಾರಿನ ಕುತ್ತಿಗೆಯ ಸುತ್ತ ಉಂಗುರ ಕಟ್ಟಿತ್ತು. ಊಟ ಮುಗಿಸಿ ಬರುವಷ್ಟರಲ್ಲಿ ಆದದ್ದು ಇದು. ಸಾಧಾರಣ ಪಾಚಿ ಹೀಗೆ ಮಾಡುವುದಿಲ್ಲ. ತನ್ನೊಳಗೆ ಗಾಳಿಗುಳ್ಳೆ ಇಟ್ಟುಕೊಂಡು, ಬೇಕೆಂದಾಗ ಮೇಲೇಳುವ, ಬೇಡವೆಂದಾಗ ಮುಳುಗುವ ಜಾತಿ ಒಂದಿದೆ. ಪಾಚಿ ಅಂತ ಕರೆದರೂ ಅದು ಪಾಚಿಯಲ್ಲ, ಸೈನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ. ಅದರಲ್ಲಿ ಕೆಲವು ವಿಷ ಮಾಡುತ್ತವೆ.

ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಉಪ್ಪಿಟ್ಟಿನ ರವೆಯಂತೆ ಸಣ್ಣ ಸಣ್ಣ ಕಾಳು, ಗುಂಪು ಗುಂಪಾಗಿ ಅಂಟಿಕೊಂಡಿದ್ದವು. ಇನ್ನೊಂದು ಹನಿ ಇಟ್ಟು ನೋಡಿದೆ, ಅದರಲ್ಲೂ ಅದೇ.

ನಾನು ಹುಟ್ಟಾ ಪುಕ್ಕಲಿ. ಬಸ್‌ಸ್ಟಾಪಿನ ತನಕ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಪುಣೆಯ ಯೆರವಡಾದಲ್ಲಿರುವ ನಮ್ಮ ಮನೆಯ ಮೂರನೇ ಮಹಡಿಗೆ ಮತ್ತೆ ಹತ್ತಿ ಬರುವ ಹೆಂಗಸು. 'ನಿನ್ನ ಹೆದರಿಕೆಗೆ ವಾರದ ರಜಾನೂ ಇಲ್ಲ' ಅಂತ ಗಂಡ ನಗುತ್ತಾರೆ. ನನ್ನ ನೌಕರಿಗೆ ಮಾತ್ರ ಈ ಗುಣ ಒಗ್ಗಿದೆ. ಪುಣೆಯಿಂದ ಬಾರಾಮತಿ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ವಿದ್ಯುತ್ ಸ್ಥಾವರದಲ್ಲಿ ನಾನು ನೀರಿನ ರಸಾಯನಶಾಸ್ತ್ರಜ್ಞೆ. ಹೆದರುವುದಕ್ಕೇ ನನಗೆ ಸಂಬಳ ಕೊಡುತ್ತಾರೆ ಅಂತ ಅಂದುಕೊಂಡಿದ್ದೇನೆ.

ನಮ್ಮ ಕೆರೆಗೆ ಕಾಲುವೆಯಿಂದ ನೀರು ಬರುತ್ತದೆ. ಕಬ್ಬಿನ ಗದ್ದೆಗಳ ಗೊಬ್ಬರ ತೊಳೆದ ನೀರು, ಮೇಲಿನ ಊರುಗಳ ಗಟಾರದ ನೀರು, ಎರಡೂ ಅದರಲ್ಲಿ ಸೇರಿರುತ್ತವೆ. ಆ ನೀರನ್ನು ಎಳೆದು ಕಂಡೆನ್ಸರಿನ ಸಾವಿರಾರು ಕೊಳವೆಗಳಲ್ಲಿ ಹರಿಸಿ ಹಬೆ ತಂಪು ಮಾಡುತ್ತೇವೆ. ತಂಪು ಮಾಡುತ್ತ ಬಿಸಿಯಾದ ನೀರನ್ನು ಮತ್ತೆ ಕೆರೆಗೇ ಬಿಡುತ್ತೇವೆ. ಹೀಗಾಗಿ ಕೆರೆಯ ಒಂದು ಮೂಲೆ ಸದಾ ಬೆಚ್ಚಗೆ. ಗೊಬ್ಬರ, ಬಿಸಿ, ಬೇಸಿಗೆಯ ಬಿಸಿಲು ಮೂರೂ ಕೂಡಿದರೆ ಆ ರವೆಕಾಳಿಗೆ ಮದುವೆ ಮನೆ. ಆ ವರ್ಷ ಕಾಲುವೆಯ ನೀರೂ ಕಡಿಮೆ ಬಂದಿತ್ತು. ಕೋಲು ಅದ್ದಿ ತೆಗೆದರೆ ಹಸಿರು ಬಣ್ಣದ ಡಬ್ಬಿಯಲ್ಲಿ ಅದ್ದಿದ ಹಾಗೆ ಬರುತ್ತಿತ್ತು.

ಎರಡು ಯೂನಿಟ್‌ಗಳಲ್ಲಿ ಒಂದನ್ನು ವಾರ್ಷಿಕ ದುರಸ್ತಿಗೆ ಬಿಚ್ಚಿದ್ದರು. ಉಳಿದ ಇನ್ನೊಂದು ಪೂರ್ತಿ ಹೊರೆ ಹೊತ್ತು ಓಡಬೇಕಿತ್ತು. ಆ ಹಸಿರು ರಾಡಿ ಪಂಪಿನ ಜಾಲರಿಗೆ ಮೆತ್ತಿಕೊಂಡು ನೀರು ಕಡಿಮೆಯಾಯಿತು, ಕಂಡೆನ್ಸರಿನ ನಿರ್ವಾತ ಬೀಳತೊಡಗಿತು, ಅದರ ಜೊತೆ ವಿದ್ಯುತ್ ಉತ್ಪಾದನೆಯೂ. ಸ್ಥಾವರದ ಮುಖ್ಯಸ್ಥರು ನನ್ನನ್ನು ಕರೆಸಿದರು. ಅವರು ಧಾರವಾಡ ಕಡೆಯವರು, ಅಜ್ಜನ ಕಾಲಕ್ಕೇ ಪುಣೆ ಸೇರಿದ ಮನೆತನ. ಬೇರೆಯವರ ಮುಂದೆ ಮರಾಠಿ, ಕೋಣೆಯ ಬಾಗಿಲು ಹಾಕಿದರೆ ಕನ್ನಡ.

"ಮೈಲುತುತ್ತ ಹೊಡಸ್ರಿ ಮೇಡಂ. ನಾಳೆನ."

"ಸರ್, ಅದು ವಿಷದ ಜಾತಿ ಇದ್ದಂಗ ಅದ. ಮೈಲುತುತ್ತ ಹಾಕಿದ್ರ ಅದು ಸಾಯ್ತದ ಖರೆ. ಆದ್ರ ಸಾಯೋ ಮುಂದ ಹೊಟ್ಟಿ ಒಡದು ಒಳಗಿನ ವಿಷ ಎಲ್ಲಾ ನೀರಿಗೆ ಬಿಡ್ತದ. ಈಗ ಕಾಳಿನ ಒಳಗ ಅದ, ಆಮ್ಯಾಲ ನೀರಿನ ತುಂಬ ಆಗ್ತದ."

ಅವರು ನಕ್ಕರು. "ಕಂಡೆನ್ಸರಿಗೇನ ಲಿವರ್ ಅದ ಏನ್ರಿ, ಕಿಡ್ನಿ ಅದ ಏನ್ರಿ?"

"ಆ ನೀರ ಯಾರರೆ ಕುಡೀತಾರೇನ್ರಿ ಸರ್?"

"ಯಾರ ಕುಡೀತಾರ್ರಿ ಅದನ್ನ? ಕಾಲನಿಗೆ ಬೋರ್ ಅದ, ಲೇಬರ್‌ಗೆ ಟ್ಯಾಂಕರ್ ಅದ. ಸುಮ್ನ ಗಾಬರಿ ಬೀಳಬ್ಯಾಡ್ರಿ."

ಅದು ಸರಿಯೆನಿಸಿತು. ಗುತ್ತಿಗೆಯ ಕೂಲಿಕಾರರ ತಗಡಿನ ಶೆಡ್ಡುಗಳು ಪ್ರತಿ ವರ್ಷ ಹಿಂದಿನ ಗೇಟಿನ ಬಳಿ, ಕೆರೆಯಿಂದ ದೂರ ಇರುತ್ತಿದ್ದವು. ಅಲ್ಲಿಗೆ ದಿನಾ ಟ್ಯಾಂಕರ್ ಬರುವುದನ್ನು ನಾನೇ ಕಂಡಿದ್ದೆ. ಮರುದಿನ ಗೋಣಿಚೀಲಗಳಲ್ಲಿ ಮೈಲುತುತ್ತದ ನೀಲಿ ಹರಳು ತುಂಬಿ, ದೋಣಿಯ ಹಿಂದೆ ಕಟ್ಟಿ, ಕೆರೆಯ ತುಂಬ ಸುತ್ತಿಸಿದೆವು. ನಾನು ದಡದಲ್ಲಿ ನಿಂತು ಎಲ್ಲಿಗೆ ಎಷ್ಟು ಅಂತ ಕೂಗಿ ಹೇಳುತ್ತಿದ್ದೆ. ಚೀಲದ ಹಿಂದೆ ನೀಲಿ ಗೆರೆ ಎಳೆದುಕೊಂಡು ಹೋಗುತ್ತಿತ್ತು, ನೋಡಲಿಕ್ಕೆ ಚೆಂದ ಇತ್ತು.

ಮೊದಲು ಹಸಿರು ಹಳದಿಗೆ ತಿರುಗಿತು, ಆಮೇಲೆ ಬಿಳಿಚಿಕೊಂಡಿತು, ಗಾಳಿ ಬೀಸಿದ ಕಡೆಗೆ ಸರಿಯಿತು. ಆ ವಾರ ಕಳೆಯುವುದರೊಳಗೆ ಪಂಪಿನ ಬಾಯಿಯಲ್ಲಿ ನೀರು ತಿಳಿಯಾಯಿತು. ನಿರ್ವಾತ ಏರಿತು. ಮುಖ್ಯಸ್ಥರು ಕಂಟ್ರೋಲ್ ರೂಮಿಗೆ ಪೇಡೆ ತರಿಸಿದರು, ನನಗೂ ಒಂದು ಕೊಟ್ಟು, 'ನೋಡ್ರಿ, ನಿಮ್ಮ ಕೆರಿ ಹೆಂಗ ಕನ್ನಡಿ ಆಗ್ಯದ' ಅಂದರು. ನಾನೂ ತಿಂದೆ. ಎರಡನೇ ಸುತ್ತಿಗೆ ಗೋಣಿಚೀಲ ತುಂಬಿಸಲು ಹೇಳಿದ್ದರು, ಅದಕ್ಕೂ ಹೂಂ ಅಂದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಬಾಯ್ಲರ್ ನೀರನ್ನೇ ನೋಡಿ ನೋಡಿ ನಮ್ಮ ಕಣ್ಣಿಗೆ ಒಂದು ರೋಗ ಅಂಟಿರುತ್ತದೆ. ನಮಗೆ ತಿಳಿ ಅಂದರೆ ಒಳ್ಳೆಯದು. ತಿಳಿಯಾಗಿರುವ ನೀರಿನ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಒಂದು ಮುಂಜಾನೆ ಪಂಪ್ ಹೌಸಿನ ಆಪರೇಟರ್ ಲ್ಯಾಬಿನ ಬಾಗಿಲಲ್ಲಿ ನಿಂತು, "ಮ್ಯಾಡಮ್, ಶೆಳ್ಯಾ ಮೆಲ್ಯಾ" ಅಂದ. ಆಡು ಸತ್ತಿವೆ. ಕೆರೆಯ ಆಚೆ ದಂಡೆಯಲ್ಲಿ, ಗಾಳಿ ತಳ್ಳಿದ ರಾಡಿ ಹೋಗಿ ನಿಂತ ಮೂಲೆಯಲ್ಲಿ, ಯಾವನೋ ಕುರಿಗಾರನ ಆಡುಗಳು ನೀರು ಕುಡಿದು ಬಿದ್ದಿದ್ದವಂತೆ. ಕುರಿಗಾರ ಹಾವು ಕಚ್ಚಿದೆ ಅಂತ ತಿಳಿದು ಮುಂದಿನ ಊರಿಗೆ ಹೋಗಿಬಿಟ್ಟಿದ್ದ.

ನಾನು ಕೈಗವಸು, ಮಾದರಿ ಬಾಟಲಿ ತೆಗೆದುಕೊಂಡು ಹೊರಟೆ. ಆ ದಂಡೆಗೆ ನಾನು ಹೋಗುವುದೇ ಕಡಿಮೆ. ನಮ್ಮ ಮಾದರಿಗಳೆಲ್ಲ ಪಂಪಿನ ಬಾಯಿಯಲ್ಲಿ ತೆಗೆದವು. ಆಡುಗಳ ಹೊಟ್ಟೆ ಉಬ್ಬಿತ್ತು, ಮೂತಿಗೆ ಬಿಳಿಚಿದ ಹಸಿರು ಒಣಗಿ ಅಂಟಿತ್ತು. ಹಾವಲ್ಲ ಅದು. ಬಾಟಲಿ ತುಂಬಿಸಿ ಎದ್ದು ನಿಂತಾಗ ಸ್ವಲ್ಪ ದೂರದಲ್ಲಿ, ರಾಡಿ ಮುಟ್ಟದ ತಿಳಿ ನೀರಿನ ಅಂಚಿನ ಒಂದು ಕಲ್ಲು ಕಣ್ಣಿಗೆ ಬಿತ್ತು.

ಕಲ್ಲಿಗೆ ಅರಿಶಿಣ ಬಳಿದಿದ್ದರು. ಕುಂಕುಮ ಇತ್ತು. ಬೇವಿನ ಟೊಂಗೆ, ಎರಡು ವೀಳ್ಯದೆಲೆ, ಒಡೆದ ಕಾಯಿಯ ಹೋಳು, ಕಡುಬಿನ ಚೂರಿಗೆ ಇರುವೆ ಮುತ್ತಿದ್ದವು.

ಜೊತೆಗೆ ಬಂದ ಆಪರೇಟರ್‌ಗೆ ಅದೊಂದು ಪೂಜೆಯ ಕಲ್ಲು, ಅಷ್ಟೇ. ನಾನು ಕಲಬುರಗಿಯವಳು. ಗಂಗಿ ಪೂಜೆ ಯಾಕೆ ಮಾಡುತ್ತಾರೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸ ನೀರು ಕುಡಿಯಲು ಶುರುಮಾಡುವ ಮುಂಚೆ ಮಾಡುವ ಪೂಜೆ ಅದು. ಈ ನೀರನ್ನು ಯಾರೋ ಕುಡಿಯುತ್ತಿದ್ದರು. 

ದಂಡೆ ಹತ್ತಿ ಆಚೆ ನೋಡಿದರೆ ತಗಡಿನ ಶೆಡ್ಡುಗಳ ಸಾಲು. ಬಿಚ್ಚಿದ ಯಂತ್ರದ ಭಾಗಗಳನ್ನು ಇಡಲು ಹಿಂದಿನ ಗೇಟಿನ ಜಾಗ ಬೇಕಾಗಿತ್ತೆಂದು ಗುತ್ತಿಗೆದಾರ ಈ ಸಲ ಕೂಲಿಕಾರರನ್ನು ಇಲ್ಲಿಗೆ ತಂದು ಹಾಕಿದ್ದ. ಪೈಪಿಗೆಂದು ದಾರಿ ಅಗೆದಿದ್ದರಿಂದ ಟ್ಯಾಂಕರ್ ಇಲ್ಲಿಯ ತನಕ ಬರುತ್ತಲೇ ಇರಲಿಲ್ಲ. ಗಂಡಸರು, ಹರೆಯದ ಹೆಂಗಸರು ಎಲ್ಲ ಕೆಲಸಕ್ಕೆ ಹೋಗಿದ್ದರು. ಮೇಸ್ತ್ರಿಯ ಹೆಂಡತಿ, ಐವತ್ತರ ಆಸುಪಾಸಿನ ಯಾದಗಿರಿ ಕಡೆಯ ಹೆಂಗಸು, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು. ನನ್ನ ಮಾತು ಕೇಳಿದ್ದೇ ಅವಳ ಮುಖ ಅರಳಿತು.

"ನಮ್ಮ ಕಡೆಯವ್ರಾ ಏನ್ರಿ ಅಕ್ಕಾರ? ಬರ್ರಿ, ಕೂಡ್ರಿ. ಚಾ ಇಡ್ತೀನಿ."

"ಚಾ ಬ್ಯಾಡ್ರಿ. ಆ ಕಲ್ಲಿಗಿ ಪೂಜಿ ಯಾರ ಮಾಡ್ಯಾರ್ರಿ?"

"ನಾವಾ ಮಾಡೀವ್ರಿ. ಗಂಗವ್ವ ತಿಳಿ ಆದಳಲ್ರಿ! ನಾವ ಬಂದಾಗ ಹಸರ ಬಣ್ಣ ಕದಡಿದಂಗ ಇತ್ತು, ವಾಸನಿ ಬ್ಯಾರೆ. ಮುಟ್ಟಲಾಕ ಮನಸ್ಸ ಆಗ್ಲಿಲ್ಲ. ಆ ಕಾಲಿವಿ ತನಕ ನಡದು ಹೋಗಿ ತರ್ತಿದ್ವಿ. ಆಮ್ಯಾಲ ಒಂದಿನ ಮುಂಜಾನಿ ಎದ್ದು ನೋಡಿದ್ರ ತಳದಾಗಿನ ಹರಳ ಕಾಣ್ಲಾಕತ್ತಿದ್ವು. ದೇವ್ರು ಕಣ್ಣ ತೆರದಾ ಅಂತ ಕಡಬ ಮಾಡಿ ಎಡಿ ಹಿಡದು, ಕೊಡ ತುಂಬಿದ್ವಿ."

ದೇವರಲ್ಲ, ನಾನು. ಹಸಿರಾಗಿದ್ದಾಗ ಆ ಕೆರೆ ಅವರನ್ನು ತಾನಾಗಿ ದೂರ ಇಟ್ಟಿತ್ತು. ನಾವು ವಿಷವನ್ನು ನೀರಲ್ಲಿ ಕರಗಿಸಿ, ಮೇಲಿನ ಎಚ್ಚರಿಕೆಯನ್ನು ಒರೆಸಿ, ಬರ್ರಿ ಕುಡೀರಿ ಅಂತ ಕರೆದ ಹಾಗಾಗಿತ್ತು.

"ಸೋಸ್ತೀರೇನ್ರಿ ನೀರ?" ಅಂತ ಕೇಳಿದೆ.

"ಸೋಸ್ತೀವ್ರಿ, ನಾಕ ಮಡಿಕಿ ಅರವಿ ಕಟ್ಟಿ. ಕೂಸಿಗಿ ಅಂತೂ ಕುದಿಸೇ ಕೊಡ್ತೀವಿ. ಕಳಕಳ ಕುದಿಸಿ. ಗಂಜೀನೂ ಎರಡ ಸಲ ಕುದಿಸ್ತೀನಿ."

ಕುದಿಸಿದರೆ ಆ ವಿಷ ಸಾಯುವುದಿಲ್ಲ. ಸಾಯಲಿಕ್ಕೆ ಅದು ಹುಳುವಲ್ಲ, ರೋಗಾಣುವಲ್ಲ. ಅರಿವೆಗೂ ಅದು ಸಿಗುವುದಿಲ್ಲ. ಕುದಿಸಿ ಕುದಿಸಿ ನೀರು ಇಂಗಿದರೆ ವಿಷ ಇನ್ನೂ ಗಟ್ಟಿಯಾಗುತ್ತದೆ. ಆ ಅಜ್ಜಿ ಕೂಸಿಗೆ ಎಲ್ಲರಿಗಿಂತ ಹೆಚ್ಚು ಜೋಪಾನ ಮಾಡಿದ್ದಳು, ಅಕ್ಕಿ ಗಂಜಿಯನ್ನು ಎರಡು ಸಲ ಕುದಿಸಿ ಉಣಿಸಿದ್ದಳು.

ಆಗ ನಾನು ಕೂಸನ್ನು ಸರಿಯಾಗಿ ನೋಡಿದೆ. ಎರಡು ವರ್ಷದ್ದಿರಬೇಕು. ಕಣ್ಣು ಅರ್ಧ ಮುಚ್ಚಿತ್ತು, ಕುತ್ತಿಗೆ ನಿಲ್ಲುತ್ತಿರಲಿಲ್ಲ.

"ನಿನ್ನೆಯಿಂದ ವಾಂತಿ ಮಾಡ್ಕೋತದ್ರಿ. ಊರ ಬಿಟ್ಟು ಬಂದದಲ್ಲ, ನೀರ ಬದಲ ಆಗ್ಯದ. ನಿಂಬಿಹುಳಿ ಕೊಟ್ಟೀನಿ."

"ಇನ್ನ ಈ ಕೆರಿ ನೀರ ಒಂದ ಹನಿ ಮುಟ್ಟಬ್ಯಾಡ್ರಿ. ಕುದಿಸಿದ್ದೂ ಬ್ಯಾಡ, ಸೋಸಿದ್ದೂ ಬ್ಯಾಡ. ಮನ್ಯಾಗ ಇದ್ದದ್ದು ಎಲ್ಲಾ ಚೆಲ್ರಿ. ಎಲ್ಲಾ ಶೆಡ್ಡಿಗಿ ಹೇಳ್ರಿ."

ಅವಳು ನನ್ನನ್ನೇ ನೋಡಿದಳು. "ಯಾಕ್ರಿ? ಹಿಂಗ ತಿಳಿ ಅದಲ್ರಿ?"

 ಮೊದಲು ಕೂಸನ್ನು ಎತ್ತಿಕೊಳ್ಳಿ, ಆಸ್ಪತ್ರೆಗೆ ನಡೀರಿ ಅಂದೆ.

ಸ್ಥಾವರದ ದವಾಖಾನೆಗೆ ಹೋಗಿದ್ದರೆ ಸಕ್ಕರೆ ಉಪ್ಪಿನ ಪುಡಿ ಕೊಟ್ಟು ಕಳಿಸುತ್ತಿದ್ದರು. ಲ್ಯಾಬಿನ ಜೀಪನ್ನು ತರಿಸಿದೆ, ಕೂಸಿನ ತಾಯಿಯನ್ನು ಕೆಲಸದಿಂದ ಕರೆಸಿದೆ; ಅಜ್ಜಿ ಉಳಿದ ಶೆಡ್ಡುಗಳಿಗೆ ಹೇಳಲು ಹಿಂದೆ ಉಳಿದಳು. ಜೀಪು ಆಸ್ಪತ್ರೆ ಬಿಟ್ಟು ಬೇರೆಲ್ಲೂ ನಿಲ್ಲಬಾರದೆಂದು, ಆಪರೇಟರ್ ಕೈಗೆ ಮಾದರಿ ಬಾಟಲಿ ಕೊಟ್ಟು ಪುಣೆಯ ಖಾಸಗಿ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಕಳಿಸಿದೆ. ಎರಡನೇ ಸುತ್ತಿನ ಮೈಲುತುತ್ತ ಯಾರು ಹೇಳಿದರೂ ನೀರಿಗೆ ಇಳಿಸಬೇಡಿ ಅಂತ ದೋಣಿಯವನಿಗೆ ಫೋನು ಮಾಡಿದೆ. ಕೊನೆಗೆ ಮುಖ್ಯಸ್ಥರಿಗೆ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಟ್ಯಾಂಕರ್ ನಾ ಕಳಸ್ತೀನಿ, ಈಗಿಂದೀಗ. ಆದ್ರ ಮೇಡಂ, ಆಸ್ಪತ್ರ್ಯಾಗ ಏನೂ ಹೇಳಬ್ಯಾಡ್ರಿ. ನೀರ ಬದಲಾಗಿ ವಾಂತಿ ಅನ್ರಿ, ಅಷ್ಟ ಸಾಕು. ರಿಪೋರ್ಟ್ ಬರೋದ್ರಾಗ ನೀವ ವಿಷ ಅಂದ್ರ ಪ್ಲಾಂಟ್ ಬಂದ್ ಆಗ್ತದ. ನನ್ನ ನೌಕರಿ ಬಿಡ್ರಿ, ನಿಮ್ಮದೂ ಹೋಗ್ತದ. ಮೈಲುತುತ್ತದ ಕಾಗದದ ಮ್ಯಾಲ ಸಹಿ ನಿಮ್ಮದ ಅದ."

ಸಹಿ ನನ್ನದೇ ಇತ್ತು, ಮೈಲುತುತ್ತ ಎಷ್ಟು ಹಾಕಬೇಕು ಅಂತ ಲೆಕ್ಕ ಮಾಡಿದವಳೂ ನಾನೇ. ಜೀಪು ಸೋಲಾಪುರ ಹೆದ್ದಾರಿ ಸೇರಿ, ಹಡಪಸರದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಹಾಕಿಕೊಂಡಿತು. ಮಧ್ಯಾಹ್ನದ ಬಿಸಿಲು. ನನ್ನ ಪಕ್ಕದಲ್ಲಿ ಕೂಸಿನ ತಾಯಿ, ಕೆಲಸದಿಂದ ಹಾಗೇ ಎದ್ದು ಬಂದವಳು, ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ಅವಳು ಅಳುತ್ತಿರಲಿಲ್ಲ. ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಅವಳು ತೆಗೆದಾಗ ಉಸಿರಿದೆ ಅಂತ ಲೆಕ್ಕ. ಒಮ್ಮೆ ತುಸು ಹೊತ್ತು ಹಾಗೇ ಹಿಡಿದಳು, ನಾನು ಡ್ರೈವರ್‌ಗೆ ಹಾರ್ನ್ ಹೊಡೆ ಅಂತ ಕೂಗಿದೆ.

ಅಷ್ಟು ಹೆದರಿಕೆಯಲ್ಲೂ ತಲೆಯ ಒಂದು ಮೂಲೆ ವಕೀಲನ ಹಾಗೆ ವಾದ ಹೂಡಿತ್ತು. ಬರೀ ವಾಂತಿ ಇದ್ದರೆ? ಆಡುಗಳು ಬೇರೆ ಏನಾದರೂ ತಿಂದಿದ್ದರೆ? ರಿಪೋರ್ಟಿನಲ್ಲಿ ಏನೂ ಬರದೆ ಹೋದರೆ ನಾನು ಎಲ್ಲರೆದುರು ನಗೆಪಾಟಲಾಗಿ, ನೌಕರಿಯನ್ನೂ ಕಳೆದುಕೊಂಡು ಕೂರಬೇಕಲ್ಲ? ಮನೆ ಸಾಲದ ಕಂತು ನೆನಪಾಯಿತು. ಅದು ನೆನಪಾದದ್ದಕ್ಕೆ ನಾಚಿಕೆಯೂ ಆಯಿತು.

ದೊಡ್ಡ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬೇಸಿಗೆಯಲ್ಲಿ ವಾಂತಿ ಭೇದಿಯ ಮಕ್ಕಳೇ ಎಲ್ಲ. ಎಳೆಯ ವಯಸ್ಸಿನ ವೈದ್ಯೆ ಕೂಸಿನ ಚರ್ಮ ಚಿವುಟಿ, ಕಣ್ಣು ನೋಡಿ, ತಾಯಿಯನ್ನು ಮರಾಠಿಯಲ್ಲಿ ಏನೋ ಕೇಳಿದಳು. ತಾಯಿಗೆ ಭಾಷೆ ಬಾರದು. ನನ್ನ ಕಡೆ ತಿರುಗಿ ವೈದ್ಯೆ ಅದನ್ನೇ ಮತ್ತೆ ಕೇಳಿದಳು. ಮಗು ಏನು ಕುಡಿದಿದೆ? ಅವಳ ಕೈ ಆಗಲೇ ಸಕ್ಕರೆ ಉಪ್ಪಿನ ಪುಡಿಯ ಪೊಟ್ಟಣಗಳ ಕಡೆ ಹೋಗಿತ್ತು. ಹಿಂದೆ ನಿಂತವರು ನೂಕುತ್ತಿದ್ದರು.

ನೀರು ಬದಲಾಗಿದೆ ಅನ್ನಬಹುದಿತ್ತು. ಅದು ಸುಳ್ಳೂ ಅಲ್ಲ.

ನಾನು ಹೇಳಿಬಿಟ್ಟೆ. ಸ್ಥಾವರದ ಹೆಸರು, ನನ್ನ ಹೆಸರು, ನನ್ನ ಕೆಲಸ, ಕೆರೆಯಲ್ಲಿ ಏನು ಬೆಳೆದಿತ್ತು, ಅದಕ್ಕೆ ನಾವು ಏನು ಹಾಕಿದೆವು, ಅದು ಸತ್ತು ಏನು ಬಿಟ್ಟಿರಬಹುದು. ಯಕೃತ್ತಿನ ಪರೀಕ್ಷೆ ಮಾಡಿ, ಮನೆಗೆ ಕಳಿಸಬೇಡಿ ಅಂದೆ. ಮರಾಠಿ ತಡವರಿಸಿ ನಡುನಡುವೆ ಹಿಂದಿ ಬರುತ್ತಿತ್ತು. ವೈದ್ಯೆ ಪೊಟ್ಟಣ ಕೆಳಗಿಟ್ಟಳು. ಇದನ್ನು ನೀವು ಬರೆದು ಕೊಡುತ್ತೀರಾ ಅಂತ ಕೇಳಿದಳು. ಕೊಟ್ಟೆ.

ಸಂಜೆಯ ಹೊತ್ತಿಗೆ ರಕ್ತದ ಫಲಿತಾಂಶ ಬಂತು. ಯಕೃತ್ತು ಪೆಟ್ಟು ತಿಂದಿತ್ತು, ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಏರಿದ್ದ ಅಂಕಿಗಳು.  ಈ ವಿಷಕ್ಕೆ ಪ್ರತಿವಿಷ ಇಲ್ಲ. ಸಲೈನ್ ಹಾಕಿ, ಸಕ್ಕರೆ ಅಂಶ ಬೀಳದ ಹಾಗೆ ಕಾದು, ಯಕೃತ್ತು ತಾನಾಗಿ ಚೇತರಿಸಿಕೊಳ್ಳುತ್ತದಾ ಅಂತ ನೋಡಬೇಕು. ಶೆಡ್ಡುಗಳ ಉಳಿದ ಮಕ್ಕಳನ್ನೂ ಕರೆಸಿ ರಕ್ತ ತೆಗೆದರು. ಕೆಲವರಲ್ಲಿ ಸ್ವಲ್ಪ ಏರಿತ್ತು, ಈ ಕೂಸಿನಷ್ಟಲ್ಲ. ಎರಡು ಸಲ ಕುದಿಸಿದ ಗಂಜಿ ಇವಳೊಬ್ಬಳೇ ಕುಡಿದಿದ್ದಳು.

ಪ್ರಯೋಗಾಲಯದ ವರದಿ ಬರುವ ತನಕ ನಾನು ಸರಿಯಾಗಿ ಊಟ ಮಾಡಲಿಲ್ಲ. ವಿಷ ಇಲ್ಲ ಅಂತ ಬರಲಿ ಅಂತ ಹರಕೆ ಹೊತ್ತೆ. ಇದೆ ಅಂತ ಬಂದರೆ ನನ್ನ ಮಾತು ನಿಜವಾಗಿ, ನಾನು ನಗೆಪಾಟಲಾಗದೆ ಉಳಿಯುತ್ತೇನೆ ಅಂತಲೂ ಗೊತ್ತಿತ್ತು. ಇದೆ ಅಂತ ಬಂತು. ಯೂನಿಟ್ ನಿಲ್ಲಿಸಿದರು, ವಿಚಾರಣೆಗೆ ಜನ ಬಂದರು. ಮುಖ್ಯಸ್ಥರು ನನ್ನ ಮೇಲೆ ಒಂದು ಮಾತೂ ಹಾಕದೆ, ಆದೇಶ ತಮ್ಮದೇ ಅಂತ ಒಪ್ಪಿಕೊಂಡರು. ಆಮೇಲೆ ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿಲ್ಲ. ಕೂಸಿನ ಅಂಕಿಗಳು ನಿಧಾನವಾಗಿ ಇಳಿದವು. ಒಂದು ದಿನ ಅದು ಬಿಸ್ಕತ್ತು ಕೇಳಿತು, ತಾಯಿ ಆಗ ಅತ್ತಳು. ಯಕೃತ್ತಿನ ಮೇಲೆ ಮುಂದೆಯೂ ಕಣ್ಣಿಡಬೇಕು ಅಂತ ವೈದ್ಯೆ ಹೇಳಿ ಕಳಿಸಿದಳು.

ದಾರಿ ಅಗೆದ ಕಡೆ ಮಣ್ಣು ತುಂಬಿಸಿ, ದಂಡೆಯ ಹತ್ತಿರ ದೊಡ್ಡ ತೊಟ್ಟಿ ಇಟ್ಟು, ಟ್ಯಾಂಕರ್ ನೀರು ತುಂಬಿಸತೊಡಗಿದರು. ಆದರೆ ಯಾರೂ ಅದನ್ನು ತೆಗೆದುಕೊಳ್ಳುತ್ತಿಲ್ಲ, ಹೆಂಗಸರು ಮತ್ತೆ ಕಾಲುವೆಗೇ ನಡೆಯುತ್ತಿದ್ದಾರೆ ಅಂತ ಸುದ್ದಿ ಬಂತು. ನಾನು ಹೋದೆ. ತೊಟ್ಟಿಯ ನೀರನ್ನು ಪರೀಕ್ಷೆ ಮಾಡಿದ್ದೆ, ಕ್ಲೋರಿನ್ ಸರಿಯಾಗಿತ್ತು, ಟ್ಯಾಂಕರ್ ತುಂಬುವ ಬೋರಿನ ನೀರೂ ಸರಿಯಾಗಿತ್ತು. ಹೆಂಗಸರೆಲ್ಲ ಸೇರಿದರು. ಈ ನೀರು ಬೇರೆ, ಕೆರೆಯದ್ದಲ್ಲ, ಬೋರಿನದು, ಧೈರ್ಯವಾಗಿ ಕುಡಿಯಿರಿ ಅಂತ ನಮ್ಮ ಭಾಷೆಯಲ್ಲೇ ಬಿಡಿಸಿ ಹೇಳಿದೆ.

ಮೇಸ್ತ್ರಿಯ ಹೆಂಡತಿ ಮುಂದೆ ಬಂದಳು. ತೊಟ್ಟಿಯ ನಳ ತಿರುಗಿಸಿ ಒಂದು ತಂಬಿಗೆ ತುಂಬಿಸಿದಳು. ಬಿಸಿಲಿಗೆ ಹಿಡಿದು ನೋಡಿದಳು.

"ಇದೂ ತಿಳೀನಾ ಅದಲ್ರಿ ಅಕ್ಕಾರ."

ಅಂದು, ತಂಬಿಗೆಯನ್ನು ನನ್ನ ಮುಂದೆ ಚಾಚಿದಳು. "ಮೊದ್ಲ ನೀವು ಕುಡೀರಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ತಂಬಿಗೆ ತೆಗೆದುಕೊಂಡೆ. ಎಲ್ಲ ಪರೀಕ್ಷೆ ಮಾಡಿದವಳು ನಾನೇ, ಆದರೂ ಬಿಸಿಲಿಗೆ ಹಿಡಿದು ನಾನೂ ಒಮ್ಮೆ ನೋಡಿದೆ. ನಾನು ನೋಡದೆ ಬಿಟ್ಟದ್ದು ಏನಾದರೂ ಇದ್ದರೆ? ಅಷ್ಟೂ ಹೆಂಗಸರ ಕಣ್ಣು ನನ್ನ ಗಂಟಲಿನ ಮೇಲೆ. ಕುಡಿದೆ, ತಂಬಿಗೆ ಖಾಲಿಯಾಗುವ ತನಕ ಕುಡಿದೆ.

"ಆಯ್ತಲ್ರಿ? ಇನ್ನ ತುಂಬ್ಕೋರಿ" ಅಂದೆ.

"ನಾಳಿಗಿ ನೋಡಮು" ಅಂದಳು ಅವಳು. ಕೊಡ ಎತ್ತಿಕೊಂಡು ಕಾಲುವೆಯ ಕಡೆ ನಡೆದಳು, ಉಳಿದವರೂ ಅವಳ ಹಿಂದೆ ಹೋದರು.

ಮರುದಿನ ಮುಂಜಾನೆ ಕಂಪನಿಯ ಬಸ್ಸು ಗೇಟಿಗೆ ತಿರುಗುವಾಗ ದಂಡೆಯ ಮೇಲೆ ಅವರೆಲ್ಲ ಖಾಲಿ ಕೊಡ ಸೊಂಟದ ಮೇಲಿಟ್ಟುಕೊಂಡು ಸಾಲಾಗಿ ನಿಂತಿದ್ದರು. ನಾನು ಇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ತೊಟ್ಟಿಯ ನಳದ ಕಡೆಗೆ ಇಳಿದು ಹೋದರು.